ಐದನೆಯ ಗುಂಡಿ

ಹಗಲು ನಾನು ಬೇರೆಯೇ ಟೀಚರು.
ಬಾಗಿಲಲ್ಲಿ ತಗಡಿನ ಬೋಗುಣಿ ಹಿಡಿದು ನಿಂತು
ಬಂದವರ ಮೊಬೈಲೆಲ್ಲ ಅದರೊಳಗೆ ಹಾಕಿಸಿ
ಮೇಲೊಂದು ಟವಲು ಮುಚ್ಚಿ, ಬೀರುವಿಗೆ ಬೀಗ.
ಮಸೇರುವಿನ ಕಚೇರಿಯಿಂದ ಬಂದ ಸುತ್ತೋಲೆ
ಮೊಳೆಗೆ ನೇತುಬಿದ್ದು ನನ್ನನ್ನೇ ನೋಡುತ್ತಿರುತ್ತದೆ.

ರಾತ್ರಿ, ಕುರಿಗಳು ದೊಡ್ಡಿ ಸೇರಿದ ಮೇಲೆ
ಅದೇ ಬಾಗಿಲಿಗೆ ಬರುತ್ತಾರೆ ಬೆಟ್ಟದ ಹುಡುಗರು,
ಕಂಬಳಿ ಹೊದ್ದು, ಗಂಬೂಟಿನಲ್ಲಿ ಹಿಮ ತುಂಬಿಕೊಂಡು,
ಯಾವ ಹಾಜರಿ ಪುಸ್ತಕದಲ್ಲೂ ಹೆಸರಿಲ್ಲದ ಕುರಿಗಾಹಿಗಳು.
ಪುಸ್ತಕವಿಲ್ಲ, ಸ್ಲೇಟಿಲ್ಲ.
ಉಣ್ಣೆಯ ಹುರಿಯಲ್ಲಿ ಕೊರಳಿಗೆ ಕಟ್ಟಿಕೊಂಡ
ಗುಂಡಿ ಒತ್ತುವ ಹಳೇ ಮೊಬೈಲು ಮಾತ್ರ ಎಲ್ಲರಿಗೂ.
ಕಳ್ಳರು ಬಂದರೆ ಆಚೆ ಬೆಟ್ಟಕ್ಕೆ ಸುದ್ದಿ ಮುಟ್ಟಿಸಲೆಂದು
ಮಾಲೀಕ ಕೊಡಿಸಿದ್ದು. ವರ್ಷದ ಕೂಲಿ ಹನ್ನೆರಡು ಕುರಿ;
ಮೊಬೈಲಿನ ಬಾಬ್ತು ಒಂದನ್ನು ಮುರಿದುಕೊಂಡ.

ಮೊದಲ ರಾತ್ರಿ ಅಭ್ಯಾಸಬಲದಿಂದ
ಬೋಗುಣಿ ಚಾಚಿದೆ. ಯಾರೂ ಕೊಡಲಿಲ್ಲ.
ಮೊಯೆಕೆತ್ಸಿ ಎಂಬವನು ಎದ್ದು ಬಂದು
ತನ್ನದನ್ನು ಅದರ ತಳದಲ್ಲಿಟ್ಟು ಏನೋ ಒತ್ತಿದ:
ಅವನೇ ಹಿಡಿದಿಟ್ಟ ಕುರಿಗಂಟೆಯ ಸದ್ದು
ತಗಡಿಗೆ ತಾಕಿ ನಾಲ್ಕು ಪಟ್ಟಾಗಿ ಕೋಣೆ ತುಂಬಿತು.
ಹೊರಗೆ ಮಲಗಿದ್ದ ನಾಯಿ ಎದ್ದು ಬೊಗಳಿತು.
'ಇದಕ್ಕೇ ಅಲ್ಲವಾ ಟೀಚರ್, ಬೋಗುಣಿ?'
ಅಂದಿನಿಂದ ನನ್ನ ಪಾಠ ಬೋಗುಣಿಯಲ್ಲಿ.

ಭಾಗಾಕಾರ ಕಲಿಸಬೇಕಾಗಲಿಲ್ಲ.
ಐದು ಮಾಲೋತಿಯ ಕರೆನ್ಸಿಯನ್ನು
ಹದಿನೈದು ದಿನಕ್ಕೆ ಹೇಗೆ ಹರಡಬೇಕೆಂದು
ನನ್ನ ಸಂಬಳಕ್ಕೇ ಅವರು ಪಾಠ ಹೇಳಿಯಾರು.

ಅಕ್ಷರದ ಮಾತು ಬೇರೆ.
ಎರಡನ್ನು ಒಮ್ಮೆ ಒತ್ತಿದರೆ ಎ, ಇನ್ನೊಮ್ಮೆ ಒತ್ತಿದರೆ ಬಿ.
ಆ ಹೆಬ್ಬೆರಳುಗಳಿಗೆ ಅಕ್ಷರವೆಂದರೆ
ಆಕಾರವಲ್ಲ, ಎಣಿಕೆ.
ಎಸ್ ಯಾವುದಪ್ಪಾ ಎಂದರೆ
'ಏಳು, ನಾಲ್ಕು ಸಲ' ಎಂದು ಒಕ್ಕೊರಲಲ್ಲಿ ಕೂಗುತ್ತಾರೆ.

ಸೆಯಾಬಾತಾನ ಮೊಬೈಲನ್ನು ಕುದುರೆ ತುಳಿದಿತ್ತು.
ಐದನೆಯ ಗುಂಡಿ ಸತ್ತಿದೆ.
ಅದರೊಂದಿಗೆ ಜೆ, ಕೆ, ಎಲ್.
ನಮ್ಮ ಮಾತಿನಲ್ಲಿ ಕುರಿಗೆ ನ್ಕು ಎನ್ನುತ್ತೇವೆ,
ಅವನು ಬರೆದರೆ ಕುರಿಯ ನಡುವೆ ತೂತು.
ತಂಗಿ ಲಿನೆಯೊ ಬರೀ ಇನೆಯೊ.
ಲೆಸೊಟೊ ಎಂಬ ಈ ಪುಟ್ಟ ನಾಡಿಗೆ ತಲೆಯೇ ಇಲ್ಲ.
ಬೇರೆಯದು ತಗೊಳ್ಳೋ ಎಂದೆ.
'ಇನ್ನೊಂದು ಕುರಿ ಹೋಗುತ್ತೆ' ಎಂದ.

ಜುಲೈಯಲ್ಲಿ ನಾಲ್ಕು ದಿನ ಬಿಡದೆ ಹಿಮ.
ಅಂಗಡಿಯ ಸೋಲಾರ್ ಹಲಗೆ ಹೂತುಹೋಗಿ
ಒಬ್ಬೊಬ್ಬರ ಕೊರಳಲ್ಲೂ ಒಂದೊಂದು ತಣ್ಣನೆಯ ಕಲ್ಲು.
ಮೇಣದಬತ್ತಿ ಹಚ್ಚಿ ಸೀಮೆಸುಣ್ಣ ಕೊಟ್ಟೆ,
ಬನ್ನಿ, ನಿಮಗೆ ಬರುವುದನ್ನು ಬರೆಯಿರಿ.
ಮೊಯೆಕೆತ್ಸಿ ಹಲಗೆಯ ಮುಂದೆ ನಿಂತು
ಎಂ ಎಂದು ಒಂದು ಸಲ ಒತ್ತಿದ, ಓ ಎಂದು ಮೂರು ಸಲ,
ಹಲಗೆಯ ತುಂಬ ಬಿಳಿ ಚುಕ್ಕೆ.
ಯಾರೂ ನಗಲಿಲ್ಲ. ಎಲ್ಲರೂ ಅದನ್ನು ಓದುತ್ತಿದ್ದರು.

ಆಮೇಲೆ ಸೆಯಾಬಾತಾ ಎದ್ದ.
ಕುರಿಗೋಲಿನಂತೆ ತುದಿ ಬಾಗಿದ ಜೆ.
ಒದೆಯಲು ಕಾಲೆತ್ತಿದ ಕೆ.
ನೆಟ್ಟಗೆ ನಿಂತು ಪಾದ ಚಾಚಿದ ಎಲ್.
ಅಷ್ಟೇ. ತನ್ನ ಹೆಸರಿನ ಒಂದಕ್ಷರವೂ ಬರಲಿಲ್ಲ.
ಎಲ್ಲಿ ಕಲಿತೆಯೋ?
'ಮೊಬೈಲಿನಲ್ಲಿ ಇಲ್ಲವಲ್ಲ ಟೀಚರ್,
ಗೋಡೆಯ ಪಟ ನೋಡಿಕೊಂಡು ಹೋಗಿ
ಹಿಮದ ಮೇಲೆ ಕೋಲಿನಿಂದ ಬರೆದೆ.
ಕುರಿಗಳು ತುಳಿದವು.
ಮತ್ತೆ ಬರೆದೆ.'

ಒರೆಸಲು ಮನಸ್ಸಾಗಲಿಲ್ಲ.
ಬೆಳಿಗ್ಗೆ ಮೊದಲು ಬಂದ ಹುಡುಗಿ
ಹಲಗೆಯತ್ತ ಕತ್ತು ಚಾಚಿ ಕೇಳಿದಳು:
'ಜೆ ಕೆ ಎಲ್? ಏನಿದು ಟೀಚರ್?'
ಐದು, ಎಂದೆ.
ಅವಳ ಕೈಲಿದ್ದದ್ದು ಗುಂಡಿಯೇ ಇಲ್ಲದ, ನುಣ್ಣನೆಯ ಹೊಸ ಮೊಬೈಲು.
ಅರ್ಥವಾಗದೆ ನನ್ನ ಮುಖ ನೋಡಿದಳು.
ನಾನು ಬೋಗುಣಿ ಚಾಚಿದೆ.